ಪಿಎಫ್ ಕೈಪಿಡಿಯಲ್ಲಿ ರೂಟ್-ಟು, ರಿಪ್ಲೈ-ಟು, ಆರ್‌ಟೇಬಲ್: ಒಂದೊಂದು ಸಾಲು ಸಾಕೇ?

ಕೋಟೆಬಾಗಿಲು: ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ಪಿಎಫ್ ಫೈರ್‌ವಾಲ್‌ಗೆ (ಪ್ಯಾಕೆಟ್ ಸೋಸೋ ತಂತ್ರಾಂಶ) ಕನ್ನಡ ಕೈಪಿಡಿ ತಯಾರಾಗ್ತಿದೆ. ರೂಟಿಂಗ್ ಪುಟದ ಕರಡು ಇಷ್ಟು: ರೂಟ್-ಟು ಪ್ಯಾಕೆಟ್ಟನ್ನು ಹೇಳಿದ ಗೇಟ್‌ವೇಗೆ ಕಳಿಸುತ್ತದೆ, ರಿಪ್ಲೈ-ಟು ಉತ್ತರವನ್ನು ಕಳಿಸುತ್ತದೆ, ಡಪ್-ಟು ನಕಲು ಕಳಿಸುತ್ತದೆ, ಆರ್‌ಟೇಬಲ್ ಬೇರೆ ರೂಟಿಂಗ್ ಟೇಬಲ್ ಆರಿಸುತ್ತದೆ. ಓದೋರಿಗೆ ಇಷ್ಟು ಸಾಕು ಅನ್ಸುತ್ತೆ. ಏನಂತೀರಿ?

ಪೊಟ್ಟಣ: ಸಾಲದು ಸರ್. ನಾಲ್ಕೂ ಸಾಲು ಸರಿಯಿವೆ, ಆದರೆ ಅದನ್ನೇ ನಂಬಿ ರೂಲ್ ಬರೆದವರು ಎಡವ್ತಾರೆ. ರೂಟ್ ಹುಡುಕಾಟ ಯಾವ ಹಂತದಲ್ಲಿ ನಡೆಯುತ್ತೆ ಅನ್ನೋದೇ ಅದರಲ್ಲಿಲ್ಲ. ಆರ್‌ಟೇಬಲ್ ತಗೊಳ್ಳಿ. ಪ್ಯಾಕೆಟ್ ಒಳಗೆ ಬರುವಾಗ, ಅಂದರೆ 'ಪಾಸ್ ಇನ್' ರೂಲ್‌ನಲ್ಲಿ ಕೊಟ್ಟರೆ ಮಾತ್ರ ಅದು ಕೆಲಸ ಮಾಡೋದು. 'ಪಾಸ್ ಔಟ್' ಹೊತ್ತಿಗೆ ದಾರಿ ಆಗಲೇ ನಿರ್ಧಾರ ಆಗಿರುತ್ತೆ. ರೂಲ್ ಲೋಡ್ ಆಗುತ್ತೆ, ಎರರ್ ಬರಲ್ಲ, ಪ್ಯಾಕೆಟ್ ಮಾತ್ರ ಹಳೇ ದಾರೀಲೇ ಹೋಗುತ್ತೆ.

ತಂತಿಜಾಲ: ಪೊಟ್ಟಣ ಹೇಳಿದ್ದು ರೂಟ್-ಟುಗೂ ಸಲ್ಲುತ್ತೆ. ಮೂರು ಇಂಟರ್‌ಫೇಸ್ ಇರೋ ಫೈರ್‌ವಾಲ್ ಅಂದುಕೊಳ್ಳಿ: ಇಎಂ0 ಮೊದಲ ಇಂಟರ್ನೆಟ್ ಲೈನು, ಡಿಫಾಲ್ಟ್ ರೂಟ್ ಅದರಲ್ಲೇ. ಇಎಂ1 ಎರಡನೇದು, ಇಎಂ2 ಒಳಗಿನ ಲ್ಯಾನ್. 'ಪಾಸ್ ಔಟ್ ಆನ್ ಇಎಂ0' ರೂಲ್‌ಗೆ ರೂಟ್-ಟು ಅಂಟಿಸಿದರೆ ನ್ಯಾಟ್ (ಒಳಗಿನ ವಿಳಾಸವನ್ನ ಹೊರಗಿನದಕ್ಕೆ ಬದಲಿಸೋದು) ಆಗಲೇ ಇಎಂ0 ವಿಳಾಸಕ್ಕೆ ಆಗಿಬಿಟ್ಟಿರುತ್ತೆ. ಆ ವಿಳಾಸ ಹೊತ್ತ ಪ್ಯಾಕೆಟ್ ಇಎಂ1ರಿಂದ ಹೊರಬೀಳುತ್ತೆ, ಅಲ್ಲಿಯ ಐಎಸ್‌ಪಿ ಅದನ್ನ ಬಿಸಾಕಬಹುದು. ಅದೇ ರೂಟ್-ಟು 'ಪಾಸ್ ಇನ್ ಆನ್ ಇಎಂ2'ನಲ್ಲಿದ್ದರೆ ಪ್ಯಾಕೆಟ್ ಇಎಂ1ರಲ್ಲಿ ಹೊರಡುವಾಗ ಔಟ್ ರೂಲ್‌ಗಳು ಇನ್ನೊಮ್ಮೆ ಓಡ್ತವೆ, ನ್ಯಾಟ್ ಸರಿಯಾಗಿ ಬೀಳುತ್ತೆ.

ಲ್ಯಾನ್ ರೂಲ್‌ನಲ್ಲೂ ಒಂದು ಗುಂಡಿ ಇದೆ. ಗುರಿ ವಿಳಾಸ 'ಎನಿ' ಅಂತ ಬಿಟ್ಟರೆ ಫೈರ್‌ವಾಲ್‌ನ ಸ್ವಂತ 10.0.0.1ಕ್ಕೆ ಬಂದ ಡಿಎನ್‌ಎಸ್, ಎಸ್‌ಎಸ್‌ಹೆಚ್ ಎಲ್ಲವೂ ಹೊರಗಿನ ಗೇಟ್‌ವೇಗೆ ಹೊರಟುಹೋಗ್ತವೆ. ಅದಕ್ಕೇ ಮೇಲೊಂದು 'ಪಾಸ್ ಇನ್ ಕ್ವಿಕ್ ಆನ್ ಇಎಂ2 ಟು 10.0.0.1' ಬೇಕೇ ಬೇಕು. ಈ ಸಾಲನ್ನ ಟಿಪ್ಪಣಿಗೆ ತಳ್ಳಬೇಡಿ, ಉದಾಹರಣೆಯೊಳಗೇ ಇರಲಿ.

ಕೋಟೆಬಾಗಿಲು: ಒಪ್ಪಿದೆ. ಆದರೆ ಸಿಂಟ್ಯಾಕ್ಸ್ ಯಾವುದು ಹಾಕೋದು? ಹುಡುಕಿದರೆ ಸಿಗೋ ಉದಾಹರಣೆಗಳಲ್ಲಿ ಆವರಣದೊಳಗೆ ಇಂಟರ್‌ಫೇಸ್ ಹೆಸರು, ಗೇಟ್‌ವೇ ಎರಡೂ ಇರ್ತವೆ.

ಬಂದರುಕಟ್ಟೆ: ಅದು ಹಳೆಯದು ಮಾರಾಯ್ರೆ. 2021ರ 6.9 ಆವೃತ್ತಿಯಿಂದ ಓಪನ್‌ಬಿಎಸ್‌ಡಿಯಲ್ಲಿ ಬರೀ ವಿಳಾಸ: 'ರೂಟ್-ಟು 203.0.113.1'. ಯಾವ ಇಂಟರ್‌ಫೇಸ್ ಅಂತ ಕರ್ನಲ್ಲೇ ರೂಟಿಂಗ್ ಟೇಬಲ್ ನೋಡಿ ತಿಳ್ಕೊಳ್ತದೆ. ಪಿಪಿಪಿಓಇ (ಲಾಗಿನ್ ಆಗಿ ಸೇರೋ ಬ್ರಾಡ್‌ಬ್ಯಾಂಡ್) ಲೈನಿಗೆ ಇಂಟರ್‌ಫೇಸ್ ಹೆಸರಿನ ನಂತರ ಕೋಲನ್ ಹಾಕಿ 'ಪಿಯರ್' ಅಂತ ಬರೀಬೇಕು. ಪಿಎಫ್ ಇರೋ ಇನ್ನೊಂದು ಸಿಸ್ಟಮ್ ಫ್ರೀಬಿಎಸ್‌ಡಿಯಲ್ಲಿ ಆವರಣದ ರೂಪ ಈಗಲೂ ನಡೀತದೆ. ಎರಡನ್ನೂ ಒಂದೇ ಪುಟದಲ್ಲಿ ಹಾಕಿದರೆ ಓದೋರು ತಪ್ಪಿದ್ದನ್ನೇ ಎತ್ಕೊಂಡು ಹೋಗ್ತಾರೆ. ನನ್ನ ಮಟ್ಟಿಗೆ ಹಳೇ ರೂಪ ಬೇಡ.

ತಂತಿಜಾಲ: ಇದನ್ನ ಒಪ್ಪಲ್ಲ. ಹಳೇ ಪಿಎಫ್.ಕಾನ್ಫ್ (ರೂಲ್‌ಗಳ ಫೈಲು) ಹಿಡ್ಕೊಂಡು ಅಪ್‌ಗ್ರೇಡ್ ಮಾಡೋರೇ ಈ ಪುಟ ಹುಡುಕೋದು. ಹಳೇ ಸಾಲು, ಅದರ ಕೆಳಗೇ ಹೊಸ ಸಾಲು, ಪಕ್ಕದಲ್ಲಿ ಆವೃತ್ತಿ ಸಂಖ್ಯೆ. ಇಷ್ಟಿದ್ದರೆ ಗೊಂದಲ ಆಗಲ್ಲ.

ಬಂದರುಕಟ್ಟೆ: ಆವೃತ್ತಿ ಸಂಖ್ಯೆ ಖಂಡಿತಾ ಇರ್ತದೆ ಅಂದ್ರೆ ಆಗ್ಲಿ. ಆದರೆ ಪುಟದ ಕೊನೇಲಿ ಇರ್ಲಿ.

ಪೊಟ್ಟಣ: ರಿಪ್ಲೈ-ಟು ಬಗ್ಗೆ ಎರಡು ಮಾತು ಸೇರಿಸಿ. ಸ್ಟೇಟ್ (ಒಂದೊಂದು ಸಂಪರ್ಕದ ಬಗ್ಗೆ ಪಿಎಫ್ ಇಟ್ಟುಕೊಳ್ಳೋ ದಾಖಲೆ) ಸೃಷ್ಟಿಸುವ ರೂಲ್‌ನಲ್ಲಿ ಮಾತ್ರ ಅದಕ್ಕೆ ಅರ್ಥ; 'ನೋ ಸ್ಟೇಟ್' ಜೊತೆ ಬರೆದರೆ ಉತ್ತರ ಯಾವುದು ಅಂತಲೇ ಪಿಎಫ್‌ಗೆ ಗೊತ್ತಾಗಲ್ಲ. ಎರಡನೇದು ಪತ್ತೆ ಹಚ್ಚೋದು ಕಷ್ಟ: ಕೇಳಿದ ಯಂತ್ರ ಇಎಂ1ರದ್ದೇ ಸಬ್‌ನೆಟ್‌ನಲ್ಲಿದ್ದರೆ, ಅಂದರೆ 203.0.113.0/24ರ ಪಕ್ಕದ ಮನೆಯೇ ಆದರೂ, ಉತ್ತರ ಗೇಟ್‌ವೇ ಸುತ್ತಿಕೊಂಡೇ ಹೋಗುತ್ತೆ. ಗೇಟ್‌ವೇ ವಾಪಸ್ ಕಳಿಸದಿದ್ದರೆ ಹೊರಗಿನವರಿಗೆಲ್ಲ ಸರ್ವರ್ ಸಿಗುತ್ತೆ, ಪಕ್ಕದವರಿಗೆ ಮಾತ್ರ ಸಿಗಲ್ಲ. ಆ ಸಬ್‌ನೆಟ್‌ಗೆ ರಿಪ್ಲೈ-ಟು ಇಲ್ಲದ ರೂಲ್ ಬೇರೆಯೇ ಬರೀಬೇಕು.

'ಬ್ಲಾಕ್ ಇನ್ ಕ್ವಿಕ್ ಫ್ರಮ್ ಯುಆರ್‌ಪಿಎಫ್-ಫೇಲ್ಡ್' ಸಾಲೂ ಈ ಪುಟಕ್ಕೇ ಸೇರಿದ್ದು: ಕಳಿಸಿದವರ ವಿಳಾಸಕ್ಕೆ ವಾಪಸ್ ದಾರಿ ಪ್ಯಾಕೆಟ್ ಬಂದ ಇಂಟರ್‌ಫೇಸ್‌ನಲ್ಲೇ ಇಲ್ಲದಿದ್ದರೆ ಅದನ್ನ ತಡೆಯುತ್ತೆ, ಅದೂ ರೂಟ್ ಹುಡುಕಾಟವೇ ತಾನೇ. ಡಿಫಾಲ್ಟ್ ರೂಟ್ ಇಎಂ0ರಲ್ಲಿ ಒಂದೇ ಇದ್ದಾಗ ಇಎಂ1ಕ್ಕೆ ಇಂಟರ್ನೆಟ್‌ನಿಂದ ಬಂದದ್ದೆಲ್ಲ ಈ ಪರೀಕ್ಷೆಯಲ್ಲಿ ಫೇಲು. ರಿಪ್ಲೈ-ಟು ಎಷ್ಟು ಚೆನ್ನಾಗಿ ಬರೆದರೂ ಮೊದಲ ಪ್ಯಾಕೆಟ್ಟೇ ಒಳಗೆ ಬರಲ್ಲ.

ಕೋಟೆಬಾಗಿಲು: ಇದು ನನ್ನ ಕರಡಿನಲ್ಲಿ ಪೂರ್ತಿ ಬಿಟ್ಟೇ ಹೋಗಿತ್ತು. ಹಾಗಾದರೆ ಪ್ರತಿ ಆಯ್ಕೆಗೂ ಮೊದಲ ಸಾಲಲ್ಲೇ ಮೂರು ವಿಷಯ: ಇನ್‌ನಲ್ಲಾ ಔಟ್‌ನಲ್ಲಾ, ಸ್ಟೇಟ್ ಬೇಕಾ, ಹುಡುಕಾಟ ಯಾವ ಟೇಬಲ್‌ನಲ್ಲಿ. ಪರೀಕ್ಷಿಸೋ ವಿಧಾನ ಏನು ಬರೀಲಿ?

ತಂತಿಜಾಲ: ಮೊದಲು 'ಪಿಎಫ್‌ಸಿಟಿಎಲ್ -ಎನ್‌ಎಫ್' ಹಾಕಿ ಸಿಂಟ್ಯಾಕ್ಸ್ ನೋಡೋದು, ಆಮೇಲೆ ಲೋಡ್. ರೂಲ್‌ಸೆಟ್ ಬದಲಾದರೂ ಹಳೇ ಸ್ಟೇಟ್‌ಗಳು ಹಳೇ ದಾರೀಲೇ ಓಡ್ತಿರ್ತವೆ. ಎಲ್ಲ ಸ್ಟೇಟ್ ಅಳಿಸಿದರೆ ದೂರದಿಂದ ಮಾಡಿದ ಎಸ್‌ಎಸ್‌ಹೆಚ್ ಕೂಡ ಕಡಿದುಹೋಗಬಹುದು. 'ಪಿಎಫ್‌ಸಿಟಿಎಲ್ -ಕೆ' ಕೊಟ್ಟು ಪರೀಕ್ಷೆಯ ಯಂತ್ರದ್ದು ಮಾತ್ರ ತೆಗೀರಿ. ಕೊನೆಗೆ ಎರಡು ಟರ್ಮಿನಲ್‌ನಲ್ಲಿ ಇಎಂ0, ಇಎಂ1 ಎರಡರ ಮೇಲೂ ಟಿಸಿಪಿಡಂಪ್ (ಪ್ಯಾಕೆಟ್ ತೋರಿಸೋ ಕಮಾಂಡ್) ಇಟ್ಟು, ಸಿನ್ (ಸಂಪರ್ಕ ಕೇಳೋ ಮೊದಲ ಪ್ಯಾಕೆಟ್) ಯಾವುದರಲ್ಲಿ ಬಂತು, ಅದರ ಉತ್ತರ ಸಿನ್-ಆಕ್ ಯಾವುದರಲ್ಲಿ ಹೋಯ್ತು ನೋಡಿ.