ಗಮನ ನಿಲ್ಲದಿರುವುದಕ್ಕೆ ಡೋಪಮಿನ್ ಕಮ್ಮಿ ಇರೋದೇ ಕಾರಣಾನಾ?

ಓದೋಕೆ_ಕೂತವ:
ಪುಸ್ತಕ ಹಿಡಿದರೆ ಎರಡು ಪುಟ ದಾಟುವಷ್ಟರಲ್ಲಿ ಮನಸ್ಸು ಎಲ್ಲೋ ಹೋಗಿರುತ್ತದೆ. ಗೇಮ್ ಆಡೋಕೆ ಕೂತರೆ ಮಾತ್ರ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಗೆಳೆಯ ಹೇಳ್ತಾನೆ, ನಿಂಗೆ ಡೋಪಮಿನ್ (ಮೆದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ) ಕಮ್ಮಿ, ಒಂದು ದಿನ ಮೊಬೈಲ್ ಬಿಟ್ಟು "ಡೋಪಮಿನ್ ಉಪವಾಸ" ಮಾಡು ಅಂತ. ಇದು ನಿಜಾನಾ? ಡೋಪಮಿನ್‌ನ ಮಾತ್ರೆ ಮಾಡಿ ನುಂಗಿದರೆ ಆಗಲ್ವಾ?

ನರಜಾಲ:
ಕಮ್ಮಿ ಇದ್ದರೆ ಗೇಮ್ ಆಡುವಾಗ ಎಲ್ಲಿಂದ ಬರುತ್ತದೆ ಅಂತ ಗೆಳೆಯನನ್ನೇ ಕೇಳಿ :) ಮೊಬೈಲ್ ಬಿಟ್ಟರೆ ಒಳ್ಳೆಯದೇ, ಆದರೆ ಅದರಿಂದ ಡೋಪಮಿನ್ ನಿಲ್ಲುವುದಿಲ್ಲ. ನಿಂತರೆ ಕೈಕಾಲು ಆಡಿಸುವುದೇ ಕಷ್ಟ, ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಗುವುದು ಅದೇ. ನುಂಗಿದ ಡೋಪಮಿನ್ ರಕ್ತದಿಂದ ಮೆದುಳಿಗೆ ದಾಟುವುದೂ ಇಲ್ಲ, ಅದಕ್ಕೇ ಆ ರೋಗಿಗಳಿಗೆ ಎಲ್-ಡೋಪಾ ಕೊಡುತ್ತಾರೆ, ಅದು ಒಳಗೆ ಹೋಗಿ ಡೋಪಮಿನ್ ಆಗುತ್ತದೆ.

ಗೇಮ್ ವಿಷಯಕ್ಕೆ ಬಂದರೆ, ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಕೋತಿಗಳ ಮೇಲೆ ಮಾಡಿದ ಪ್ರಯೋಗ ನೋಡಿ. ಹಣ್ಣಿನ ರಸ ದಿಢೀರನೆ ಸಿಕ್ಕಾಗ ಡೋಪಮಿನ್ ನರಕೋಶಗಳು ಜೋರಾಗಿ ಮಿಡಿದವು. ರಸ ಬರುವ ಮೊದಲು ಒಂದು ಸೂಚನೆ ಬರುತ್ತದೆ ಅಂತ ಕೋತಿ ಕಲಿತ ಮೇಲೆ ಆ ಸೂಚನೆಗೇ ಮಿಡಿದವು, ರಸಕ್ಕಲ್ಲ. ಬರಬೇಕಿದ್ದ ರಸ ಬರದಿದ್ದಾಗ ಅವುಗಳ ಮಿಡಿತ ಇಳಿದುಹೋಯಿತು. ಅಂದರೆ ಅದು ಬರೀ ಖುಷಿಯ ರಾಸಾಯನಿಕ ಅಲ್ಲ, ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸದ ಲೆಕ್ಕ. ಗೇಮ್‌ನಲ್ಲಿ ಮುಂದೇನು ಸಿಗುತ್ತದೋ ಗೊತ್ತಿಲ್ಲ, ಹಾಗಾಗಿ ಅದು ಹಿಡಿದು ಕೂರಿಸುತ್ತದೆ. ಪಠ್ಯಪುಸ್ತಕದ ಫಲ ಸಿಗೋದು ತಿಂಗಳುಗಳ ಮೇಲೆ.

ಸುಮ್ನೆ_ಓದುಗ:
ಎಲ್ಲರೂ ಡೋಪಮಿನ್ ಡೋಪಮಿನ್ ಅಂತಾರೆ, ಪಾಪ ನಾರ್‌ಅಡ್ರಿನಲಿನ್‌ನ ಯಾರೂ ಕೇಳಲ್ಲ. ಅದೂ ಮೆದುಳಿನಲ್ಲಿ ಸಂದೇಶ ಒಯ್ಯುವ ರಾಸಾಯನಿಕವೇ, ನಮ್ಮನ್ನು ಎಚ್ಚರವಾಗಿಡುತ್ತದೆ. ಮೆದುಳಿನ ಕಾಂಡದಲ್ಲಿ ಲೋಕಸ್ ಸೆರೂಲಿಯಸ್ ಅಂತ ಒಂದು ಪುಟ್ಟ ಗುಂಪು ಕೋಶಗಳಿವೆ, ಮೆದುಳಿನ ಬಹುತೇಕ ಕಡೆಗೆ ನಾರ್‌ಅಡ್ರಿನಲಿನ್ ಹೋಗುವುದು ಅಲ್ಲಿಂದಲೇ. ತೀರಾ ಕಮ್ಮಿ ಆದರೆ ತೂಕಡಿಕೆ. ಜಾಸ್ತಿ ಆದರೆ ಗಾಬರಿ, ಚಿಕ್ಕ ಸದ್ದಿಗೂ ತಿರುಗಿ ನೋಡುವುದು. ನಡುವಿನ ಮಟ್ಟದಲ್ಲಿ ಮಾತ್ರ ಹಣೆಯ ಹಿಂದಿನ ಭಾಗ, ಅಂದರೆ ಪ್ರಿಫ್ರಂಟಲ್ ಕಾರ್ಟೆಕ್ಸ್, ಸರಿಯಾಗಿ ಕೆಲಸ ಮಾಡುತ್ತದೆ. ಡೋಪಮಿನ್‌ಗೂ ಅಲ್ಲಿ ಇದೇ ಕಥೆ. ಪರೀಕ್ಷೆಯ ಹಿಂದಿನ ರಾತ್ರಿ ಭಯಪಟ್ಟು ಓದಿದ್ದು ತಲೆಗೆ ಹತ್ತದಿರುವುದು ಇದರಿಂದಲೇ ಇರಬಹುದು, ಅಲ್ವಾ? ಹೆಚ್ಚಿಸಿದಷ್ಟೂ ಒಳ್ಳೆಯದು ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅಸಿಟೈಲ್‌ಕೋಲಿನ್ ಬಗ್ಗೆಯೂ ಒಂದು ಮಾತು, ಅದೂ ಇಂಥದೇ ಒಂದು ರಾಸಾಯನಿಕ. ನೀವು ನೋಡುತ್ತಿರುವುದು ಎದ್ದು ಕಾಣುವಂತೆ, ಉಳಿದದ್ದು ಹಿಂದೆ ಸರಿಯುವಂತೆ ಮಾಡುವುದರಲ್ಲಿ ಅದರ ಪಾಲು ದೊಡ್ಡದು. ಸಿಗರೇಟಿನ ನಿಕೋಟಿನ್ ಹೋಗಿ ಕೂರುವುದು ಅದರ ಗ್ರಾಹಕಗಳ (ಕೋಶಗಳಲ್ಲಿ ಅದು ಅಂಟಿಕೊಳ್ಳುವ ಜಾಗಗಳ) ಮೇಲೇ. ಅಂತ ಹೇಳಿ ಯಾರೂ ಶುರು ಮಾಡಬೇಡಿ ಮತ್ತೆ.

ಓದೋಕೆ_ಕೂತವ:
ಸರಿ, ಹಾಗಾದ್ರೆ ಕಾಫಿ? ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಮಾತ್ರೆ ತಗೊಂಡ್ರೆ ಎಲ್ಲರಿಗೂ ಗಮನ ಬರುತ್ತೆ ಅಂತಾನೂ ಕೇಳಿದ್ದೇನೆ.

ನರಜಾಲ:
ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗುತ್ತದೆ, ನಿದ್ದೆ ಎಳೆಯುವುದರಲ್ಲಿ ಅದರ ಕೈವಾಡ ಇದೆ. ಕಾಫಿಯ ಕೆಫೀನ್ ಅದರ ಗ್ರಾಹಕಗಳ ಮೇಲೆ ಹೋಗಿ ಕೂರುತ್ತದೆ ಅಷ್ಟೆ, ಅಡೆನೋಸಿನ್ ಅಲ್ಲೇ ಇರುತ್ತದೆ. ಕುಡಿದದ್ದರಲ್ಲಿ ಅರ್ಧ ಕರಗೋಕೆ ಸುಮಾರು 5 ಗಂಟೆ ಬೇಕು, ಹಾಗಾಗಿ ಸಂಜೆಯ ಕಾಫಿ ರಾತ್ರಿ ನಿದ್ದೆ ಕೆಡಿಸಿ ಮರುದಿನದ ಗಮನವನ್ನೇ ತಿನ್ನುತ್ತದೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಡೋಪಮಿನ್, ನಾರ್‌ಅಡ್ರಿನಲಿನ್ ಎರಡನ್ನೂ ಕೋಶಗಳು ವಾಪಸ್ ಎಳೆದುಕೊಳ್ಳದಂತೆ ತಡೆಯುತ್ತದೆ. ಅಗತ್ಯ ಇದ್ದವರಿಗೆ ನಿಜಕ್ಕೂ ಉಪಯೋಗ. ಇಲ್ಲದವರು ಮೇಲೆ ಹೇಳಿದ ಆ ನಡುವಿನ ಮಟ್ಟ ದಾಟಿಹೋಗಬಹುದು. ಚಿಕ್ಕಂದಿನಿಂದಲೂ ಹೀಗೇ ಇದ್ದು ಕೆಲಸ, ಓದು ಎಲ್ಲದಕ್ಕೂ ತೊಂದರೆ ಆಗುತ್ತಿದ್ದರೆ ಮನೋವೈದ್ಯರನ್ನು ನೋಡಿ, ಗೆಳೆಯನ ಮಾತ್ರೆ ಬೇಡ. ಈಗ ಹೇಳಿ, ರಾತ್ರಿ ಎಷ್ಟು ಹೊತ್ತು ಮಲಗ್ತೀರಿ?