ಸಹಾಯ ಬೇಕು: ಮಂಜೂರಾತಿ ಆದೇಶ ಕೈಯಲ್ಲಿದೆ, ಅಂಗವಿಕಲ ವೇತನ ಮಾತ್ರ ಖಾತೆಗೆ ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ. ಶೇ. 60 ಅಂಗವೈಕಲ್ಯ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ. ನಾಡಕಚೇರಿಯಲ್ಲಿ ಅರ್ಜಿ ಹಾಕಿ ತಹಶೀಲ್ದಾರ್ ಆದೇಶವೂ ಬಂದು ನಾಲ್ಕು ತಿಂಗಳಾಯ್ತು. ಒಂದು ಕಂತೂ ಜಮಾ ಇಲ್ಲ.

ಸಾಮಾನ್ಯವಾಗಿ ಎಡವಟ್ಟಾಗೋ ಕಡೆಯೆಲ್ಲ ನೋಡಿ ಆಗಿದೆ. ಬ್ಯಾಂಕಿನವರು "ಆಧಾರ್ ಲಿಂಕ್ ಆಗಿದೆ" ಅಂದಷ್ಟಕ್ಕೇ ನಂಬೋ ಹಾಗಿಲ್ಲ. ಲಿಂಕ್ ಬೇರೆ, ಎನ್‌ಪಿಸಿಐ ಸೀಡಿಂಗ್ (ಆಧಾರ್ ಮೂಲಕ ಬರೋ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅಂತ ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಾಗೋದು) ಬೇರೆ. ಆಧಾರ್ ಮೂಲಕ ಬರೋ ಡಿಬಿಟಿ (ಸರ್ಕಾರದ ನೇರ ನಗದು ವರ್ಗಾವಣೆ) ಹಣ ಹೋಗೋದು ಕೊನೆಯದಾಗಿ ಸೀಡ್ ಆದ ಬ್ಯಾಂಕಿಗೆ, ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಆಧಾರ್ ಕೊಡೋ ಯುಐಡಿಎಐ ವೆಬ್‌ಸೈಟಿನಲ್ಲಿ ಸೀಡಿಂಗ್ ಸ್ಟೇಟಸ್ ಆಕ್ಟಿವ್ ಅಂತಲೇ ಇದೆ, ಬ್ಯಾಂಕಿನ ಹೆಸರೂ ಸರಿ. ಅಂಗವೈಕಲ್ಯ ಪ್ರಮಾಣಪತ್ರ ಶಾಶ್ವತದ್ದು, ಹಾಗಾಗಿ ಅವಧಿ ಮುಗಿಯೋ ತಾಪತ್ರಯ ಇಲ್ಲ.

ಉಳಿದಿರೋ ಅನುಮಾನ ಹೆಸರಿನದು. ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ, ಆದೇಶದಲ್ಲಿ ಮೊದಲಿಗೆ, ಯುಡಿಐಡಿಯಲ್ಲಿ ಇನಿಷಿಯಲ್ಲೇ ಇಲ್ಲ!

ಇದನ್ನ ತಾಲೂಕು ಕಚೇರಿಯ ಪಿಂಚಣಿ ವಿಭಾಗದಲ್ಲೇ ತಿದ್ದಿ ಕೊಡ್ತಾರಾ, ಇಲ್ಲ ಹೊಸ ಅರ್ಜಿನೇ ಹಾಕಬೇಕಾ? ಹೊಸದು ಹಾಕಿದ್ರೆ ನಾಲ್ಕು ತಿಂಗಳ ಬಾಕಿ ಕೈತಪ್ಪುತ್ತಾ? ತಿದ್ದುಪಡಿ ಮಾಡಿಸಿದವರು ಯಾವ ದಾಖಲೆ ಕೇಳಿದ್ರು, ಎಷ್ಟು ದಿನ ಹಿಡೀತು ಅಂತ ತಿಳಿಸಿ. ಅಫಿಡವಿಟ್ ಸಾಕಾಗುತ್ತಾ ಅನ್ನೋದೂ ಗೊತ್ತಾಗಬೇಕು. ಆಧಾರ್ ನಂಬರ್ ಇಲ್ಲಿ ಹಾಕಲ್ಲ, ದಯವಿಟ್ಟು ಯಾರೂ ಕೇಳಬೇಡಿ.