ಆಸ್ಪತ್ರೆಯಲ್ಲಿ ಸಿಬ್ಬಂದಿ ಬಳಗ ನಡೆಸಿದವರು ದಯವಿಟ್ಟು ಅನುಭವ ಹೇಳಿ

ಪ್ರಶ್ನೆ: ವಾರ್ಡ್ ನರ್ಸ್, ಉತ್ತರ ಇಂಗ್ಲೆಂಡ್

ಹಾಸನದ ಕಡೆಯವಳು. ಬೆಂಗಳೂರಿನ ಐಸಿಯುವಿನಲ್ಲಿ ಕೆಲವು ವರ್ಷ ದುಡಿದು ಈಗ ಇಲ್ಲಿನ ಒಂದು ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ಬ್ಯಾಂಡ್ 5 ವೇತನ ದರ್ಜೆಯ ನರ್ಸ್ ಆಗಿದ್ದೇನೆ. ಅಲ್ಪಸಂಖ್ಯಾತ ಜನಾಂಗಗಳ ನೌಕರರಿಗಾಗಿ ನಮ್ಮಲ್ಲಿ ಒಂದು ಸಿಬ್ಬಂದಿ ಬಳಗವಿದೆ, ಆದರೆ ಹೆಸರಿಗೆ ಮಾತ್ರ. ದೀಪಾವಳಿಗೆ ಒಂದು ತಿಂಡಿ ಮೇಜು ಹಾಕಿದ್ದು ಬಿಟ್ಟರೆ ಕಳೆದ ವರ್ಷ ಬೇರೇನೂ ನಡೆಯಲಿಲ್ಲ. ಹಿಂದಿನ ಅಧ್ಯಕ್ಷರು ಊರು ಬಿಟ್ಟು ಹೋದರು. ಮೇಟ್ರನ್ ನನ್ನನ್ನು ಕರೆದು, ನೀವು ವಹಿಸಿಕೊಳ್ಳುತ್ತೀರಾ ಎಂದು ಕೇಳಿದ್ದಾರೆ. ಗೆಳತಿಯರು ಬೇಡ ಎನ್ನುತ್ತಾರೆ, ಮೇಲಿನವರ ಕಣ್ಣಿಗೆ ಬೀಳುತ್ತೀಯ ಎಂದು ಹೆದರಿಸುತ್ತಾರೆ. ಒಪ್ಪಿಕೊಳ್ಳಲೇ? ಹನ್ನೆರಡು ಗಂಟೆಯ ಪಾಳಿಗಳ ನಡುವೆ ಸಮಯ ಎಲ್ಲಿಂದ ತರಲಿ? ಯಾರಾದರೂ ಬಂದು ಅತ್ತರೆ, ದೂರು ಹೇಳಿದರೆ ನಾನು ಮಾಡಬೇಕಾದದ್ದೇನು?

ಉತ್ತರ: ಹಿರಿಯ ನರ್ಸ್, ಮಿಡ್‌ಲ್ಯಾಂಡ್ಸ್ (ಊರು ಉಡುಪಿ)

ತಂಗೀ, ಒಪ್ಪಿಕೊಳ್ಳಿ. ಆದರೆ ಹೂಂ ಎನ್ನುವ ಮೊದಲು ಒಂದು ವಿಷಯವನ್ನು ಬರವಣಿಗೆಯಲ್ಲಿ ಪಡೆಯಿರಿ. ತಿಂಗಳಿಗೆ ಎಷ್ಟು ಗಂಟೆ ಈ ಕೆಲಸಕ್ಕೆ ಕೊಡುತ್ತಾರೆ, ಆ ಗಂಟೆಗಳು ರೋಟಾದಲ್ಲಿ, ಅಂದರೆ ಪಾಳಿಗಳ ಪಟ್ಟಿಯಲ್ಲಿ, ಕೆಲಸದ ಸಮಯವಾಗಿ ನಮೂದಾಗುತ್ತವೆಯೇ? ಬೆಂಬಲ ನೀಡುತ್ತೇವೆ ಎಂಬ ಸಿಹಿಮಾತನ್ನು ಯಾರು ಬೇಕಾದರೂ ಆಡಬಹುದು, ರೋಟಾದಲ್ಲಿ ಬರೆಯದ ಗಂಟೆ ಮಾತ್ರ ನಿಮ್ಮ ರಜಾ ದಿನದಿಂದಲೇ ಕಳೆಯುತ್ತದೆ. ನಾನು ಕಂಡ ಬಳಗಗಳಲ್ಲಿ ಸೊರಗಿದ್ದೆಲ್ಲ ಹೀಗೆಯೇ ಸೊರಗಿದವು. ಜನರಿಗೆ ಆಸಕ್ತಿ ಇರಲಿಲ್ಲ ಎಂದಲ್ಲ, ನಡೆಸುವವಳಿಗೆ ನಿದ್ದೆ ಇರಲಿಲ್ಲ.

ಹಬ್ಬದ ತಿಂಡಿಯ ಮೇಜನ್ನು ಮಾತ್ರ ತೆಗೆದುಹಾಕಬೇಡಿ. ನಮ್ಮ ಬಳಗ ಮಾಡಿದ ಅತ್ಯಂತ ಉಪಯುಕ್ತ ಕೆಲಸ ಶುರುವಾದದ್ದು ಅಂಥ ಮೇಜಿನ ಬಳಿ. ಚಕ್ಕುಲಿ ತಿನ್ನಲು ಬಂದ ಫಿಲಿಪ್ಪೀನ್ಸಿನ ನರ್ಸ್ ಒಬ್ಬರು, ನಿನ್ನೆ ರಾತ್ರಿಯೂ ನನ್ನನ್ನೇ ಬೇರೆ ವಾರ್ಡಿಗೆ ಕಳಿಸಿದರು ಎಂದರು. ಪಕ್ಕದಲ್ಲಿದ್ದ ನೈಜೀರಿಯಾದವರು, ನನ್ನನ್ನೂ ಎಂದರು. ಕೊಟ್ಟಾಯಂನ ಹುಡುಗಿಯೂ ಅದನ್ನೇ ಹೇಳಿದಳು. ನಿಮಗೆ ಗೊತ್ತಿರುವ ಸಂಗತಿಯೇ ಇದು. ಒಂದು ವಾರ್ಡಿನಲ್ಲಿ ಜನ ಕಡಿಮೆಯಾದರೆ ಪಾಳಿ ಆರಂಭವಾಗುತ್ತಿದ್ದಂತೆ ಫೋನ್ ಬರುತ್ತದೆ, ಇನ್ನೊಂದು ವಾರ್ಡಿನ ಇನ್‌ಚಾರ್ಜ್ ಒಬ್ಬರನ್ನು ಆರಿಸಿ ಕಳಿಸಬೇಕು. ಹೊಸದಾಗಿ ಬಂದವರು ಇಲ್ಲ ಎನ್ನುವುದಿಲ್ಲ, ಹಾಗಾಗಿ ಬೆರಳು ಅವರ ಕಡೆಗೇ ಹೋಗುತ್ತದೆ. ಹೋದಲ್ಲಿ ಔಷಧದ ಕಪಾಟಿನ ಕೋಡ್ ಗೊತ್ತಿಲ್ಲ, ತುರ್ತು ಚಿಕಿತ್ಸೆಯ ಕ್ರ್ಯಾಶ್ ಟ್ರಾಲಿ ಎಲ್ಲಿದೆ ಗೊತ್ತಿಲ್ಲ, ರೋಗಿಗಳ ಮುಖವೇ ಹೊಸತು. ನೋವಿನ ಮಾತು ಹಾಗಿರಲಿ, ಇದು ರೋಗಿಯ ಸುರಕ್ಷತೆಯ ಪ್ರಶ್ನೆ.

ನಾವು ಯಾರ ಮೇಲೂ ದೂರು ಬರೆಯಲಿಲ್ಲ. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಪಾಳಿ, ಯಾವ ವಾರ್ಡಿನಿಂದ ಯಾವ ವಾರ್ಡಿಗೆ, ಹೋದವರು ಯಾರು, ಇಷ್ಟನ್ನೇ ಬರೆಯುತ್ತಾ ಬಂದೆವು. ಪುಟಗಳು ತುಂಬಿದಾಗ ವಾದ ಮಾಡುವ ಅಗತ್ಯವೇ ಬೀಳಲಿಲ್ಲ. ನರ್ಸಿಂಗ್ ನಿರ್ದೇಶಕರ ಮುಂದೆ ಪುಸ್ತಕ ಇಟ್ಟು, ಸರದಿ ಪಟ್ಟಿ ಮಾಡಿ ಎಂದಷ್ಟೇ ಕೇಳಿದೆವು. ಈಗ ಪ್ರತಿ ವಾರ್ಡಿನ ನರ್ಸ್ ಸ್ಟೇಷನ್‌ನಲ್ಲಿ ಒಂದು ಹಾಳೆ ಅಂಟಿಸಿದ್ದಾರೆ. ಈ ಬಾರಿ ಹೋದವರ ಹೆಸರು ಪಟ್ಟಿಯ ಕೊನೆಗೆ ಇಳಿಯುತ್ತದೆ, ಇಲ್ಲಿಯೇ ಹುಟ್ಟಿ ಬೆಳೆದವರಾಗಲಿ ಹೊರಗಿನಿಂದ ಬಂದವರಾಗಲಿ. ಆಸ್ಪತ್ರೆಗೆ ಒಂದು ಪೌಂಡ್ ಖರ್ಚಾಗಲಿಲ್ಲ.

ನಿಮ್ಮ ಕೈಯಲ್ಲಿ ಇನ್ನೊಂದು ಸಾಧನ ಈಗಾಗಲೇ ಇದೆ. 2015ರಿಂದ ಇಂಗ್ಲೆಂಡಿನ ಪ್ರತಿ ಎನ್‌ಎಚ್‌ಎಸ್ ಟ್ರಸ್ಟ್ (ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆ) ಡಬ್ಲ್ಯುಆರ್‌ಇಎಸ್ ಎಂಬ ಜನಾಂಗ ಸಮಾನತೆಯ ಅಳತೆಗೆ ಒಳಪಟ್ಟಿದೆ. ಅದರಲ್ಲಿ 9 ಸೂಚ್ಯಂಕಗಳಿವೆ. ಸಂದರ್ಶನದ ಪಟ್ಟಿಗೆ ಬಂದವರಲ್ಲಿ ಬಿಳಿಯರಿಗೆ ಕೆಲಸ ಸಿಗುವ ಸಾಧ್ಯತೆ ಎಷ್ಟು, ಉಳಿದವರಿಗೆ ಎಷ್ಟು. ಶಿಸ್ತುಕ್ರಮಕ್ಕೆ ಯಾರು ಹೆಚ್ಚು ಸಿಲುಕುತ್ತಾರೆ. ಎಲ್ಲವೂ ಪ್ರತಿ ವರ್ಷ ಪ್ರಕಟವಾಗಬೇಕು. ಅಂಗವೈಕಲ್ಯ ಇರುವ ನೌಕರರಿಗಾಗಿ ಇಂಥದ್ದೇ ಅಳತೆ 2019ರಲ್ಲಿ ಬಂತು. ನಿಮ್ಮ ಟ್ರಸ್ಟಿನ ಅಂಕಿಗಳನ್ನು ತೆಗೆದು ಓದಿ, ಎಲ್ಲಕ್ಕಿಂತ ಕೆಟ್ಟದಾಗಿರುವ ಒಂದನ್ನು ಮಾತ್ರ ಆರಿಸಿ ಅದರ ಬೆನ್ನು ಹತ್ತಿ. ಒಂಬತ್ತನ್ನೂ ಹಿಡಿದರೆ ಒಂದೂ ದಕ್ಕುವುದಿಲ್ಲ.

ಉತ್ತರ: ಅರಿವಳಿಕೆ ವೈದ್ಯ, ಲಂಡನ್ (ಊರು ದಾವಣಗೆರೆ)

ಮೇಲಿನ ಅಕ್ಕನವರ ಮಾತಿಗೆ ನನ್ನ ಕಡೆಯಿಂದ ಒಂದು ಕಾರಣ ಸೇರಿಸುತ್ತೇನೆ. ಬಳಗ ಸಂಕಟ ಬರುವ ಮೊದಲೇ ಗಟ್ಟಿಯಾಗಿರಬೇಕು.

2020ರ ಆರಂಭದ ವಾರಗಳಲ್ಲಿ ಕೋವಿಡ್‌ನಿಂದ ಸತ್ತರೆಂದು ಬ್ರಿಟನ್ನಿನಲ್ಲಿ ಹೆಸರು ಹೊರಬಂದ ಮೊದಲ 10 ವೈದ್ಯರೂ ಅಲ್ಪಸಂಖ್ಯಾತ ಜನಾಂಗಗಳವರು. ಆ ಫೋಟೊಗಳನ್ನು ಫೋನಿನಲ್ಲಿ ನೋಡುತ್ತಾ ನಾವು ರೋಗಿಗಳ ಗಂಟಲಿಗೆ ಕೊಳವೆ ಹಾಕುತ್ತಿದ್ದೆವು. ಎಫ್‌ಎಫ್‌ಪಿ3 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ಪರೀಕ್ಷಿಸುವ ಕ್ರಮ ನಿಮಗೆ ಗೊತ್ತು. ಮಾಸ್ಕಿನ ಮೇಲೆ ಒಂದು ಹುಡ್ ಹೊದಿಸಿ, ಒಳಗೆ ಕಹಿ ದ್ರಾವಣ ಸಿಂಪಡಿಸಿ, ತಲೆ ಆಡಿಸಿ, ಬಗ್ಗಿ, ಗಟ್ಟಿಯಾಗಿ ಓದಿ ಎನ್ನುತ್ತಾರೆ. ನಾಲಿಗೆಗೆ ಕಹಿ ತಾಗಿದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ನಮ್ಮಲ್ಲಿ ಸಣ್ಣ ಮುಖದ ಹೆಣ್ಣುಮಕ್ಕಳು, ಗಡ್ಡ ಬಿಟ್ಟ ಸಿಖ್ ಮತ್ತು ಮುಸ್ಲಿಂ ಸಹೋದ್ಯೋಗಿಗಳು ಮತ್ತೆ ಮತ್ತೆ ಅನುತ್ತೀರ್ಣರಾಗುತ್ತಿದ್ದರು. ಪ್ರತಿಯೊಬ್ಬರೂ ಅದು ತಮ್ಮೊಬ್ಬರ ತೊಂದರೆ ಎಂದುಕೊಂಡು ಸುಮ್ಮನಿದ್ದರು. ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಬರೆದ ಮೇಲೆ ಹೆಸರುಗಳು ಸಾಲಾಗಿ ಬಂದವು. ಆ ಪಟ್ಟಿ ಹಿಡಿದು ಹೋದ ಮೇಲೆ ಬೇರೆ ಅಳತೆಯ ಮಾಸ್ಕ್‌ಗಳೂ, ಗಡ್ಡವಿದ್ದರೂ ಧರಿಸಬಹುದಾದ, ಗಾಳಿ ಊದುವ ಹುಡ್‌ಗಳೂ ಬಂದವು. ಅಪಾಯದ ಮೌಲ್ಯಮಾಪನ ಮಾಡಿ ಎಂದು ಮೇಲಿನಿಂದ ಸುತ್ತೋಲೆ ಬಂದಾಗಲೂ, ಅದು ಬರಿ ಟಿಕ್ ಹಾಕುವ ಕಾಗದವಾಗದಂತೆ ನೋಡಿಕೊಂಡವರು ಬಳಗದವರೇ. ಆ ಗುಂಪು ಅದಕ್ಕಿಂತ ಮೊದಲೇ ಇರದಿದ್ದರೆ, ಆ ಗಡಿಬಿಡಿಯಲ್ಲಿ ಕಟ್ಟುವ ಪುರುಸೊತ್ತು ಯಾರಿಗಿತ್ತು?

ಉತ್ತರ: ಔಷಧ ವಿಭಾಗ, ಲೀಸೆಸ್ಟರ್

ಸಂಕ್ಷಿಪ್ತವಾಗಿ ಹೇಳುತ್ತೇನೆ. ಸಭೆಯನ್ನು ಮಧ್ಯಾಹ್ನ ಒಂದು ಗಂಟೆಗೆ ಆನ್‌ಲೈನ್‌ನಲ್ಲಿ ಇಟ್ಟರೆ ಮೇಜು, ಕಂಪ್ಯೂಟರ್ ಇರುವವರು ಮಾತ್ರ ಬರುತ್ತಾರೆ. ರಾತ್ರಿ ಪಾಳಿಯವರಿಗೆ, ರೋಗಿಗಳನ್ನು ಸಾಗಿಸುವ ಪೋರ್ಟರ್‌ಗಳಿಗೆ, ಅಡುಗೆಮನೆಯವರಿಗೆ ಅದು ತಲುಪುವುದಿಲ್ಲ. ಎಷ್ಟೋ ಕಡೆ ಸ್ವಚ್ಛತೆಯ ಕೆಲಸ ಗುತ್ತಿಗೆಗೆ ಹೋಗಿದೆ, ಅವರಿಗೆ ಟ್ರಸ್ಟಿನ ಇಮೇಲ್ ವಿಳಾಸವೇ ಇಲ್ಲ. ಬಳಗದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಅವರಿಗೇ. ನಾವು ರಾತ್ರಿ ಊಟದ ವಿರಾಮದಲ್ಲಿ ಫ್ಲಾಸ್ಕಿನಲ್ಲಿ ಚಹಾ ಹಿಡಿದು ವಾರ್ಡಿನಿಂದ ವಾರ್ಡಿಗೆ ಹೋಗುತ್ತೇವೆ. ವರ್ಷದುದ್ದಕ್ಕೂ ಕಳಿಸಿದ ಇಮೇಲ್‌ಗಳಿಗಿಂತ ಅದರಿಂದ ಹೆಚ್ಚು ಜನ ಬಂದರು.

ಉತ್ತರ: ಮಾನಸಿಕ ಆರೋಗ್ಯ ನರ್ಸ್, ಬ್ರಿಸ್ಟಲ್ (ಊರು ಧಾರವಾಡ)

ನಿಮ್ಮ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಭಾರವಾದದ್ದು. ಕೇಳಿಸಿಕೊಳ್ಳುವುದು ಬೇರೆ, ದೂರನ್ನು ನಡೆಸುವುದು ಬೇರೆ. ಯಾರಾದರೂ ಅಳುತ್ತಾ ಬಂದರೆ ಬಾಗಿಲು ಹಾಕಿ, ಕೂರಿಸಿ, ಕೇಳಿ. ಸಲಹೆ ಕೊಡಲು ಅವಸರ ಬೇಡ. ನಂತರ, ನಿಮಗೆ ಈಗ ಏನು ಬೇಕು ಎಂದು ಅವರನ್ನೇ ಕೇಳಿ. ದೂರು ಕೊಡಬೇಕು ಎಂದರೆ ಅವರ ಯೂನಿಯನ್ ಇದೆ. ಆರೈಕೆಯ ಲೋಪದಿಂದ ರೋಗಿಗಳು ನರಳಿದ ಮಿಡ್ ಸ್ಟ್ಯಾಫರ್ಡ್‌ಶೈರ್ ಆಸ್ಪತ್ರೆಯ ದುರಂತದ ನಂತರ ವಕೀಲ ರಾಬರ್ಟ್ ಫ್ರಾನ್ಸಿಸ್ ಕೊಟ್ಟ ಶಿಫಾರಸುಗಳಿಂದಾಗಿ ಇಂಗ್ಲೆಂಡಿನ ಪ್ರತಿ ಟ್ರಸ್ಟಿನಲ್ಲಿ, ನೌಕರರು ಹೆದರದೆ ಮಾತನಾಡಲು ನೆರವಾಗುವ ಫ್ರೀಡಮ್ ಟು ಸ್ಪೀಕ್ ಅಪ್ ಗಾರ್ಡಿಯನ್ ಎಂಬ ಹುದ್ದೆ ಇದೆ, ಅವರ ಬಳಿಗೂ ಹೋಗಬಹುದು. ಬೇಕಾದರೆ ಜೊತೆಗೆ ಹೋಗಿ ಬಾಗಿಲ ತನಕ ಬಿಟ್ಟು ಬನ್ನಿ. ಪ್ರಕರಣವನ್ನು ನಿಮ್ಮ ತಲೆಯ ಮೇಲೆ ಹೊತ್ತುಕೊಂಡರೆ ಆ ನೌಕರರಿಗೂ ನ್ಯಾಯ ಸಿಗುವುದಿಲ್ಲ, ನೀವೂ ಉಳಿಯುವುದಿಲ್ಲ. ಗುಟ್ಟಿನ ಮಿತಿಯನ್ನು ಮೊದಲೇ ತಿಳಿಸಿ. ರೋಗಿಗೆ ಅಪಾಯವಾಗುವಂಥದ್ದು ಅಥವಾ ಹೇಳಿಕೊಳ್ಳಲು ಬಂದವರ ಜೀವಕ್ಕೇ ಅಪಾಯವಿರುವಂಥದ್ದು ಕಿವಿಗೆ ಬಿದ್ದರೆ ಮುಚ್ಚಿಡಲು ಆಗುವುದಿಲ್ಲ ಎಂದು.

ನಿಮ್ಮಲ್ಲಿ ಶ್ವಾರ್ಟ್ಸ್ ರೌಂಡ್ ನಡೆಯುತ್ತದೆಯೇ ವಿಚಾರಿಸಿ. ಕೆನೆತ್ ಶ್ವಾರ್ಟ್ಸ್ ಬಾಸ್ಟನ್ನಿನ ವಕೀಲರು, 1995ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ತಮ್ಮ ಆರೈಕೆ ಮಾಡಿದವರ ಕರುಣೆಯನ್ನು ಕಂಡು, ಆ ಕರುಣೆ ಉಳಿಯಬೇಕು ಎಂದು ಒಂದು ಕೇಂದ್ರ ಕಟ್ಟಿಸಿದರು. 2009ರಲ್ಲಿ ಈ ಕ್ರಮ ಬ್ರಿಟನ್ನಿಗೆ ಬಂತು. ಒಂದು ಗಂಟೆ, ಮೂರು ನಾಲ್ಕು ಜನ ತಮ್ಮ ಕೆಲಸದ ಒಂದು ಘಟನೆ ಹೇಳುತ್ತಾರೆ, ಉಳಿದವರು ತಮ್ಮ ಮನಸ್ಸಿಗೆ ಬಂದದ್ದನ್ನು ಹೇಳುತ್ತಾರೆ. ಪರಿಹಾರ ಹುಡುಕುವಂತಿಲ್ಲ. ಕನ್ಸಲ್ಟೆಂಟ್ ಎಂಬ ಹಿರಿಯ ವೈದ್ಯರ ಪಕ್ಕದಲ್ಲಿ ಪೋರ್ಟರ್ ಕೂತಿರುತ್ತಾರೆ. ತೀರಿಕೊಂಡ ರೋಗಿಯನ್ನು ಶವಾಗಾರಕ್ಕೆ ಸಾಗಿಸುವಾಗ ಅವರ ಹೆಸರು ಹಿಡಿದು ಮಾತನಾಡಿಸುತ್ತೇನೆ ಎಂದು ಪೋರ್ಟರ್ ಒಬ್ಬರು ಹೇಳಿದ್ದನ್ನು ನಾನು ಕೇಳಿದ್ದೇನೆ. ಆ ದಿನದ ನಂತರ ನಮ್ಮ ವಾರ್ಡಿನಲ್ಲಿ ಅವರನ್ನು ಎಲ್ಲರೂ ಹೆಸರು ಹಿಡಿದೇ ಕರೆಯತೊಡಗಿದರು.

ಉತ್ತರ: ನರ್ಸಿಂಗ್ ಮೇಲ್ವಿಚಾರಕಿ, ಬೆಂಗಳೂರು

ನೀವು ಇಲ್ಲಿಂದಲೇ ಹೋದವರಾದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಹತ್ತು ಅಥವಾ ಹೆಚ್ಚು ನೌಕರರಿರುವ ಯಾವುದೇ ಸಂಸ್ಥೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ರಚಿಸಲೇಬೇಕು. ಅದರಾಚೆಗೆ ನಮ್ಮಲ್ಲಿ ಬಳಗ ಎಂದು ಹೇಳಿಕೊಳ್ಳುವಂಥದ್ದು ಇರಲಿಲ್ಲ. ಮಣಿಪುರ, ಕೇರಳ, ಕಲಬುರಗಿ ಎಲ್ಲ ಕಡೆಯ ಹುಡುಗಿಯರು ಒಂದೇ ಹಾಸ್ಟೆಲ್‌ನಲ್ಲಿದ್ದರೂ ಊಟಕ್ಕೆ ಬೇರೆ ಬೇರೆ ಮೇಜುಗಳಲ್ಲಿ ಕೂರುತ್ತಿದ್ದರು. ಈಗ ಪ್ರತಿ ಹೊಸಬಳಿಗೂ ಬೇರೆ ರಾಜ್ಯದ ಹಿರಿಯಳೊಬ್ಬಳನ್ನು ಜೊತೆ ಮಾಡುತ್ತೇವೆ. ಮೊದಲ ರೋಗಿ ಕಣ್ಣೆದುರು ತೀರಿಕೊಂಡ ದಿನ ಅವಳ ಹತ್ತಿರ ಆ ಹಿರಿಯಳು ಇರುವಂತೆ ಪಾಳಿ ಬದಲಿಸಲು ನನಗೆ ಅಧಿಕಾರವಿದೆ. ದೊಡ್ಡ ಹೆಸರೇನೂ ಇಟ್ಟಿಲ್ಲ. ಆದರೆ ಉಡುಪಿಯ ಅಕ್ಕ ಹೇಳಿದಂತೆ, ಇಲ್ಲಿಯೂ ಕೆಲಸ ಮಾಡಿದ್ದು ರೋಟಾವೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಓದುತ್ತಾ ಕಣ್ಣು ಒದ್ದೆಯಾಯಿತು. ಕಣ್ಣಿಗೆ ಬೀಳುವ ಭಯದ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಉತ್ತರ: ಹಿರಿಯ ನರ್ಸ್, ಮಿಡ್‌ಲ್ಯಾಂಡ್ಸ್

ಬೀಳುತ್ತೀರಿ, ಅದನ್ನು ತಪ್ಪಿಸಲಾಗದು. ಒಬ್ಬರೇ ಬೀಳಬೇಡಿ, ಅಷ್ಟೇ. ಇಬ್ಬರು ಅಧ್ಯಕ್ಷರಿರಲಿ, ಸಾಧ್ಯವಾದರೆ ಇನ್ನೊಬ್ಬರು ಬೇರೆ ವಿಭಾಗದವರೂ ನಿಮಗಿಂತ ಮೇಲಿನ ಬ್ಯಾಂಡಿನವರೂ ಆಗಿರಲಿ. ಅವಧಿ ಎರಡು ವರ್ಷ ಎಂದು ನಿಯಮದಲ್ಲೇ ಬರೆಯಿರಿ. ಆಡಳಿತ ಮಂಡಳಿಯ ಒಬ್ಬ ಸದಸ್ಯರು ಬಳಗದ ಹೊಣೆ ಹೊತ್ತು ನಿಮ್ಮ ಸಭೆಗೆ ತಾವೇ ಬಂದು ಕೂರಬೇಕು, ಪ್ರತಿನಿಧಿಯನ್ನು ಕಳಿಸಿದರೆ ಸಾಲದು. ಇನ್ನೂ ಆರ್‌ಸಿಎನ್ ಅಥವಾ ಯುನಿಸನ್ ಯೂನಿಯನ್ನಿನ ಸದಸ್ಯತ್ವ ಪಡೆದಿಲ್ಲವಾದರೆ ಇವತ್ತೇ ಪಡೆಯಿರಿ. ಮಾತನಾಡುವವರ ಬೆನ್ನಿಗೆ ಯಾರಾದರೂ ಇರಬೇಕು.

ಪ್ರಶ್ನೆ ಕೇಳಿದವರು

ಮೇಟ್ರನ್‌ಗೆ ಈಗ ಬರೆದೆ. ತಿಂಗಳಿಗೆ ಒಂದು ಪೂರ್ತಿ ಪಾಳಿ, ರೋಟಾದಲ್ಲಿ ನಮೂದಾಗಿ. ಜೊತೆಗೆ ಇನ್ನೊಬ್ಬ ಅಧ್ಯಕ್ಷರು. ಮೊದಲ ಸಭೆ ರಾತ್ರಿ ಪಾಳಿಯವರಿಗೆ. ಉತ್ತರ ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.